ಪ್ರೀತಿಗೆ ಭಾಷೆ ಬೇಡವಂತೆ! ಹಾಗಾದರೆ ಆ ಹುಡುಗ ಕೊರಿಯನ್ ಕಲಿತದ್ದು ಯಾಕೆ?

'ಪ್ರೀತಿಗೆ ಗಡಿಯಿಲ್ಲ, ಭಾಷೆಯಿಲ್ಲ.' ಎರಡು ಸಮುದಾಯಗಳ ಹುಡುಗ ಹುಡುಗಿಯ ಸಿನೆಮಾ ಬಂದಾಗಲೆಲ್ಲ ಈ ಮಾತು ಹೇಳಿ ಕೈತೊಳೆದುಕೊಳ್ಳುವುದು ಒಂದು ರೂಢಿ. ಜಪಾನಿನ 'ಪಚ್ಚಿಗಿ!' ಸಿನೆಮಾವನ್ನು ಹೊಗಳುವವರೂ ಇದನ್ನೇ ಹೇಳುತ್ತಾರೆ. ಕನ್ನಡ ಮಾಧ್ಯಮದಲ್ಲಿ ಕಲಿಸುವ ನಮಗೆ ಈ ಹೊಗಳಿಕೆ ಒಪ್ಪಿಗೆಯಿಲ್ಲ. ಆ ಸಿನೆಮಾ ಹೇಳುವುದು ಇದಕ್ಕೆ ತದ್ವಿರುದ್ಧವಾದದ್ದನ್ನು.

ಕಜುಯುಕಿ ಇಜುತ್ಸು ನಿರ್ದೇಶಿಸಿದ ಈ ಚಿತ್ರ ತೆರೆಕಂಡದ್ದು 2005ರಲ್ಲಿ. 'ಕಿನೆಮಾ ಜುಂಪೊ' ಎಂಬ ಅಲ್ಲಿನ ಹಳೆಯ ಪತ್ರಿಕೆ ಆ ವರ್ಷದ ಜಪಾನಿ ಚಿತ್ರಗಳಲ್ಲಿ ಇದಕ್ಕೇ ಮೊದಲ ಸ್ಥಾನ ಕೊಟ್ಟಿತು. ಕತೆ ನಡೆಯುವುದು 1968ರಲ್ಲಿ, ಕ್ಯೋಟೊ ನಗರದಲ್ಲಿ. ಕೋಸುಕೆ ಎಂಬ ಜಪಾನಿ ಹೈಸ್ಕೂಲ್ ಹುಡುಗ ಫುಟ್‌ಬಾಲ್ ಪಂದ್ಯಕ್ಕೆ ಕರೆಯಲು ಕೊರಿಯನ್ ಶಾಲೆಗೆ ಹೋಗುತ್ತಾನೆ. ಅಲ್ಲಿ ಕ್ಯೋಂಗ್‌ಜಾ ಎಂಬ ಹುಡುಗಿ ಕೊಳಲಿನಲ್ಲಿ 'ಇಮ್‌ಜಿನ್ ನದಿ' ಎಂಬ ಹಾಡನ್ನು ನುಡಿಸುತ್ತಿರುತ್ತಾಳೆ. ಹುಡುಗ ಮನಸೋಲುತ್ತಾನೆ. ಆಮೇಲೆ ಅವನು ಏನು ಮಾಡುತ್ತಾನೆ? 'ನೀನು ಜಪಾನಿ ಬಲ್ಲೆಯಲ್ಲ, ಸಾಕು' ಎನ್ನುವುದಿಲ್ಲ. ಗಿಟಾರು ಹಿಡಿಯುತ್ತಾನೆ, ಕೊರಿಯನ್ ಭಾಷೆ ಕಲಿಯಲು ಕುಳಿತುಕೊಳ್ಳುತ್ತಾನೆ.

ಸ್ನೇಹಿತರೇ, ಇಡೀ ಸಿನೆಮಾದ ತಿರುಳು ಇಲ್ಲಿದೆ. ಭಾಷೆ ಬೇಡವಾಗಿದ್ದರೆ ಈ ಶ್ರಮ ಯಾಕೆ?

ಆ ಶಾಲೆಯ ಹಿನ್ನೆಲೆ ತಿಳಿಯದೆ ಈ ಶ್ರಮದ ಬೆಲೆ ಗೊತ್ತಾಗುವುದಿಲ್ಲ. 1910ರಲ್ಲಿ ಜಪಾನು ಕೊರಿಯಾವನ್ನು ನುಂಗಿತು. ಹೊಟ್ಟೆಪಾಡಿಗಾಗಿ ಬಂದವರು, ಯುದ್ಧಕಾಲದಲ್ಲಿ ಗಣಿ ಕಾರ್ಖಾನೆಗಳಿಗೆ ಬಲವಂತದಿಂದ ತಂದವರು, ಹೀಗೆ ಲಕ್ಷಾಂತರ ಕೊರಿಯನ್ನರು ಜಪಾನು ಸೇರಿದರು. 1940ರಲ್ಲಿ ಜಪಾನಿ ಹೆಸರಿಟ್ಟುಕೊಳ್ಳುವ ಒತ್ತಾಯವೂ ಬಂತು. 1945ರ ನಂತರ ಸುಮಾರು ಆರು ಲಕ್ಷ ಜನ ಅಲ್ಲೇ ಉಳಿದರು. ಅವರು ಮೊದಲು ಕೈಹಾಕಿದ ಕೆಲಸಗಳಲ್ಲಿ ಒಂದು, ಮಕ್ಕಳಿಗೆ ತಾಯ್ನುಡಿ ಕಲಿಸುವ ಶಾಲೆ ತೆರೆಯುವುದು. 1948ರಲ್ಲಿ ಆ ಶಾಲೆಗಳನ್ನು ಮುಚ್ಚಲು ಸರಕಾರ ಹೊರಟಿತು. ಕೋಬೆ, ಒಸಾಕಾಗಳಲ್ಲಿ ತಂದೆತಾಯಿಯರು ಬೀದಿಗಿಳಿದರು. ಕೋಬೆಯಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಒಸಾಕಾದಲ್ಲಿ ಪೋಲೀಸರ ಗುಂಡಿಗೆ 16 ವರ್ಷದ ಹುಡುಗನೊಬ್ಬ ಬಲಿಯಾದ. ಕ್ಯೋಂಗ್‌ಜಾ ಕಲಿಯುವುದು ಇಂಥ ಚರಿತ್ರೆಯುಳ್ಳ ಶಾಲೆಯಲ್ಲಿ.

'ಬೇರೆ ಬೇರೆ ಶಾಲೆ ಇರುವುದರಿಂದಲೇ ಜಗಳ. ಎಲ್ಲರೂ ಒಂದೇ ಶಾಲೆಯಲ್ಲಿ, ಒಂದೇ ಭಾಷೆಯಲ್ಲಿ ಕಲಿತರೆ ಎಲ್ಲ ಸರಿಹೋಗುತ್ತದೆ' ಎನ್ನುವ ಬುದ್ಧಿವಂತರು ಎಲ್ಲ ಊರುಗಳಲ್ಲೂ ಇದ್ದಾರೆ. ಅವರು 2001ರ 'ಗೋ' ಸಿನೆಮಾ ನೋಡಬೇಕು. ಅದರಲ್ಲಿ ಸುಗಿಹಾರಾ ಎಂಬ ಹುಡುಗ ಕೊರಿಯನ್ ಶಾಲೆ ಬಿಟ್ಟು ಜಪಾನಿ ಹೈಸ್ಕೂಲಿಗೆ ಸೇರುತ್ತಾನೆ. ಮಾತು ಅದೇ, ಶಾಲೆ ಅಂಥದ್ದೇ, ಹೆಸರೂ ಜಪಾನಿಯೇ. ಆದರೂ ತಾನು ಜಪಾನಿಯಲ್ಲ ಎಂದು ಅವನು ಹೇಳಿದ ಕ್ಷಣ ಅವನ ಪ್ರೇಯಸಿ ಹಿಂದೆ ಸರಿಯುತ್ತಾಳೆ. ಆ ರಕ್ತ ಕೊಳಕು ಎಂದು ಅವಳಿಗೆ ಅಪ್ಪ ಹೇಳಿಕೊಟ್ಟಿದ್ದಾನೆ! ತನ್ನದನ್ನೆಲ್ಲ ಮುಚ್ಚಿಟ್ಟು ಗಳಿಸಿದ ಒಗ್ಗಟ್ಟು ಇಷ್ಟೇ.

'ಪಚ್ಚಿಗಿ!'ಯಲ್ಲಿಯೂ ದಾರಿ ಸುಲಭವಿಲ್ಲ. ಮದುವೆಯಾದರೆ ನೀನು ಕೊರಿಯನ್ ಆಗಬಲ್ಲೆಯಾ ಎಂದು ಕ್ಯೋಂಗ್‌ಜಾ ಕೇಳಿದಾಗ ಹುಡುಗನಲ್ಲಿ ಉತ್ತರವಿಲ್ಲ. ಗೆಳೆಯನೊಬ್ಬ ಸತ್ತಾಗ ಆ ಮನೆಯ ಹಿರಿಯರೊಬ್ಬರು ತಾವು ಪಟ್ಟ ಪಾಡನ್ನೆಲ್ಲ ಹೇಳಿ, ನಿನಗೇನು ಗೊತ್ತು ಎಂದು ಅವನನ್ನು ಹೊರಗೆ ಕಳಿಸುತ್ತಾರೆ. ಅವನು ಸೇತುವೆಯ ಮೇಲೆ ಗಿಟಾರು ಒಡೆದುಹಾಕುತ್ತಾನೆ. ಆಮೇಲೆ ರೇಡಿಯೋದಲ್ಲಿ ಅದೇ ಹಾಡನ್ನು ಹಾಡುತ್ತಾನೆ. ಕ್ಯೋಂಗ್‌ಜಾ ರೇಡಿಯೋವನ್ನು ಸಾವಿನ ಮನೆಯೊಳಕ್ಕೆ ತಂದಿಡುತ್ತಾಳೆ. ಬಾಗಿಲು ತೆರೆಯುವುದು ಆಗ. ಅಂದಹಾಗೆ, ಆ ಹಾಡಿನ ಧ್ವನಿಮುದ್ರಿಕೆಯನ್ನು 1968ರಲ್ಲಿ ಬಿಡುಗಡೆಯ ಹೊಸ್ತಿಲಲ್ಲೇ ತಡೆಹಿಡಿಯಲಾಗಿತ್ತು. ಅದು ಹೊರಬಂದದ್ದು 2002ರಲ್ಲಿ!

ಸಿನೆಮಾಕ್ಕೆ ಚಪ್ಪಾಳೆ ತಟ್ಟಿದ ದೇಶ ಶಾಲೆಗೆ ಏನು ಕೊಟ್ಟಿತು? 2010ರಲ್ಲಿ ಜಪಾನು ಹೈಸ್ಕೂಲ್ ಶುಲ್ಕದ ಹೊರೆ ಇಳಿಸುವ ಯೋಜನೆ ತಂದಿತು. ಕೊರಿಯನ್ ಶಾಲೆಗಳ ಅರ್ಜಿಯನ್ನು ಮಾತ್ರ ತೂಗಾಡಿಸಿ, 2013ರಲ್ಲಿ ಹೊರಗಿಟ್ಟಿತು. ಉತ್ತರ ಕೊರಿಯಾದ ಪರವಾದ ಸಂಘಟನೆಯ ನಂಟಿದೆ ಎಂಬುದು ಕಾರಣ. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲೂ ಶಾಲೆಗಳಿಗೆ ಸೋಲಾಯಿತು. ನಂಟು ಇರುವುದು ನಿಜ. ಸರ್ವಾಧಿಕಾರಿಯನ್ನು ಹೊಗಳುವ ಪಾಠ ನಮಗೂ ಬೇಡ. ಪಾಠವನ್ನು ಪ್ರಶ್ನಿಸಿ, ಲೆಕ್ಕಪತ್ರ ಕೇಳಿ. ಆದರೆ ದೊಡ್ಡವರ ರಾಜಕೀಯಕ್ಕೆ ಮಕ್ಕಳ ಫೀಸಿನಲ್ಲಿ ದಂಡ ವಸೂಲು ಮಾಡುವುದು ಯಾವ ನ್ಯಾಯ?

ಕಾಸರಗೋಡಿನ ನಮಗೆ ಅವರ ಕಷ್ಟವಿಲ್ಲ. 1956ರಲ್ಲಿ ನಾವು ಕೇರಳಕ್ಕೆ ಸೇರಿದ ವರ್ಷವೇ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಅನುಕೂಲ ಮಾಡಿಕೊಡಲು ರಾಜ್ಯಗಳು ಯತ್ನಿಸಬೇಕೆಂದು ಅದು ಹೇಳುತ್ತದೆ. ಜಪಾನಿನ ಕೊರಿಯನ್ನರಿಗೆ ಅಂಥ ಆಸರೆಯಿಲ್ಲ. ಆದರೂ ಆ ತಂದೆತಾಯಿಯರು ಕೈಯಿಂದ ಹಣ ಹಾಕಿ ಶಾಲೆ ಉಳಿಸಿಕೊಂಡಿದ್ದಾರೆ. ನಾವು? ಕಾನೂನಿನ ಆಸರೆಯಿದ್ದೂ 'ಕನ್ನಡದಿಂದ ಏನು ಸಿಗುತ್ತದೆ' ಎಂದು ಮಗುವಿನ ಟಿ.ಸಿ. ಕೇಳಲು ಬರುತ್ತೇವೆ.

ನಮ್ಮ ಮಕ್ಕಳು ಮಲಯಾಳಂ ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಅದರಲ್ಲಿ ತಕರಾರಿಲ್ಲ. ಆದರೆ ಒಂದೇ ಅಂಗಳದಲ್ಲಿ ಎರಡೂ ಮಾಧ್ಯಮಗಳಿರುವ ಶಾಲೆಗಳಲ್ಲಿ ಸೇತುವೆ ದಾಟುವ ಕೆಲಸ ಯಾವಾಗಲೂ ಕನ್ನಡದ ಮಗುವಿನದ್ದೇ ಯಾಕಾಗಬೇಕು? ಈ ಸಲದ ವಾರ್ಷಿಕೋತ್ಸವಕ್ಕೆ ಮಲಯಾಳಂ ಮಾಧ್ಯಮದ ಮಕ್ಕಳಿಂದ ಒಂದು ಕನ್ನಡ ಹಾಡು ಹಾಡಿಸೋಣ. ನಮ್ಮ ಮಕ್ಕಳು ಒಂದು ಮಲಯಾಳಂ ಹಾಡು ಹಾಡಲಿ. 'ಪಚ್ಚಿಗಿ!'ಯಲ್ಲಿ ಹೊಡೆದಾಟ, ಒರಟು ಮಾತು ಬಹಳ. ಚಿಕ್ಕ ಮಕ್ಕಳಿಗೆ ತಕ್ಕದ್ದಲ್ಲ. ಮೊದಲು ಅಧ್ಯಾಪಕರೂ ರಕ್ಷಕರೂ ಒಟ್ಟಿಗೆ ಕುಳಿತು ನೋಡಲಿ. ಟಿ.ಸಿ.ಯ ಮಾತು ಆಮೇಲೆ ಆಡೋಣ.