ಕಾರ್ಖಾನೆಗಾದರೆ ಮೂರು ಸಲ, ಕೋಲಾರಕ್ಕಾದರೆ ಎರಡೇ ಸಲ!

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ನಮ್ಮ ಕೋಲಾರದ ಕೆರೆಗಳು ತುಂಬಿವೆ. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಕಂಡಿದೆ. ಸಾವಿರ ಅಡಿ ಕೊರೆಸಿ ಬರೀ ದೂಳು ನೋಡಿದವರಿಗೆ ಅದರ ಬೆಲೆ ಗೊತ್ತು. ಹಾಗಾಗಿ ನೀರು ನಿಲ್ಲಿಸಿ ಅಂತ ನಾನು ಬರೆಯುತ್ತಿಲ್ಲ. ಪೂರ್ತಿ ಶುದ್ಧ ಮಾಡಿ ಕಳಿಸಿ ಅಂತ ಬರೆಯುತ್ತಿದ್ದೇನೆ.

ಇದು ಬೆಂಗಳೂರಿನ ಕೊಳಚೆ ನೀರು. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಎರಡು ಹಂತ ಶುದ್ಧ ಮಾಡಿ, ಪೈಪಿನಲ್ಲಿ ನಮ್ಮ ಕಡೆಗೆ ಪಂಪ್ ಮಾಡುತ್ತಾರೆ. ದಿನಕ್ಕೆ 440 ದಶಲಕ್ಷ ಲೀಟರ್ ಕೊಡುವುದು ಯೋಜನೆಯ ಗುರಿ. ಎರಡು ಹಂತದಲ್ಲಿ ಕಸ, ಕೆಸರು, ಕೊಳೆಯುವ ವಸ್ತು ಹೋಗುತ್ತದೆ. ಸಾಬೂನು ಪುಡಿಯ ರಂಜಕ, ಸಾರಜನಕ ಬಹುಪಾಲು ನೀರಿನಲ್ಲೇ ಉಳಿಯುತ್ತವೆ. ಕಾರ್ಖಾನೆಯ ಲೋಹದ ಅಂಶ ತೆಗೆಯಲೆಂದು ಆ ಘಟಕಗಳನ್ನು ಕಟ್ಟಿದ್ದೇ ಅಲ್ಲ. 2018ರಲ್ಲಿ ನೀರು ಬಂದ ಕೆಲವೇ ವಾರದಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ಬಿಳಿ ನೊರೆ ಎದ್ದಿದ್ದು ಮರೆತಿಲ್ಲ ತಾನೇ? ಹೈಕೋರ್ಟ್ ತಡೆ ಕೊಟ್ಟಿತು. 2019ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಆಮೇಲೆ ನೀರು ಮತ್ತೆ ಹರಿಯಿತು, ಅದೇ ಎರಡು ಹಂತದಲ್ಲಿ.

"ಅಷ್ಟು ಒಳ್ಳೆ ನೀರಾದ್ರೆ ಅವರ ಸಂಪಿಗೇ ಬಿಟ್ಕೊಳ್ಳಬಹುದಲ್ಲಣ್ಣ?" ಅಂತ ಕೆರೆ ಏರಿ ಮೇಲೆ ಒಬ್ಬ ಅಜ್ಜಿ ನನ್ನನ್ನು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ.

ಮೂರನೇ ಹಂತ ಯಾಕೆ ಇಲ್ಲ ಅಂದರೆ ಸಿಗುವ ಉತ್ತರ ಒಂದೇ: ದುಡ್ಡು ಬೇಕಲ್ಲ ಸ್ವಾಮಿ.

ಸರಿ, ದುಡ್ಡಿನ ಮಾತೇ ಆಡೋಣ.

ದೆಹಲಿ ಪಕ್ಕದ ಗಾಜಿಯಾಬಾದ್ ನಗರಪಾಲಿಕೆ 2021ರಲ್ಲಿ 150 ಕೋಟಿ ರೂಪಾಯಿಯ ಹಸಿರು ಬಾಂಡ್ ಬಿಡುಗಡೆ ಮಾಡಿತು. ಬಾಂಡ್ ಅಂದರೆ ಸಾಲಪತ್ರ. ಹೂಡಿಕೆದಾರರು ದುಡ್ಡು ಕೊಡುತ್ತಾರೆ, ಪಾಲಿಕೆ ಬಡ್ಡಿ ಸಮೇತ ತೀರಿಸುತ್ತದೆ. ಬಡ್ಡಿ ಶೇ 8.1. ಯಾವುದಕ್ಕೆ ಗೊತ್ತೇ? ಕೊಳಚೆ ನೀರನ್ನು ಮೂರನೇ ಹಂತದಲ್ಲಿ ಶುದ್ಧ ಮಾಡಿ ಸಾಹಿಬಾಬಾದಿನ ಕಾರ್ಖಾನೆಗಳಿಗೆ ಮಾರುವುದಕ್ಕೆ. ಹೀಗೆ ಬಾಂಡ್ ತರುವ ನಗರಗಳಿಗೆ ಕೇಂದ್ರ ಸರ್ಕಾರ ಪ್ರೋತ್ಸಾಹಧನವನ್ನೂ ಕೊಡುತ್ತದೆ.

ಬೆಂಗಳೂರಿಗೆ ಈ ದಾರಿ ಗೊತ್ತಿಲ್ಲವೇ? ದೇಶದಲ್ಲೇ ಮೊದಲು ಬಾಂಡ್ ತಂದಿದ್ದು ಬೆಂಗಳೂರು ಮಹಾನಗರ ಪಾಲಿಕೆ. 1997ರಲ್ಲಿ, 125 ಕೋಟಿ ರೂಪಾಯಿ, ರಾಜ್ಯ ಸರ್ಕಾರದ ಖಾತ್ರಿಯ ಮೇಲೆ. ನಗರದ ರಸ್ತೆ, ಚರಂಡಿಗೆ ಅಂತ. ಮೂರನೇ ಹಂತವೂ ಬೆಂಗಳೂರಿಗೆ ಹೊಸದಲ್ಲ. ಯಲಹಂಕದ ಘಟಕದಲ್ಲಿ ಹಾಗೆ ಶುದ್ಧ ಮಾಡಿದ ನೀರು ವಿಮಾನ ನಿಲ್ದಾಣಕ್ಕೆ ಹೋಗಿದೆ. ತಂತ್ರ ಗೊತ್ತು, ಸಾಲದ ದಾರಿ ಗೊತ್ತು. ಕೋಲಾರ ಅಂದಾಗ ಮಾತ್ರ ಎರಡೂ ಮರೆತುಹೋಗುತ್ತದೆ.

ಕಾರಣ ನನಗನಿಸುವಂತೆ ಇಷ್ಟೇ. ಕಾರ್ಖಾನೆ ನೀರಿಗೆ ಬಿಲ್ ಕಟ್ಟುತ್ತದೆ, ರೈತ ಕಟ್ಟುವುದಿಲ್ಲ. ಸಾಲ ಕೊಡುವವನು ಆದಾಯ ಎಲ್ಲಿ ಅಂತ ಕೇಳುತ್ತಾನೆ. ನಮ್ಮ ಕೆರೆ ಆ ಲೆಕ್ಕದ ಪುಸ್ತಕದಲ್ಲಿ ಗಿರಾಕಿ ಅಲ್ಲ.

ಆದರೆ ಲೆಕ್ಕ ಶುರುವಾಗಬೇಕಾದದ್ದು ಅಲ್ಲಿಂದಲ್ಲ. ನೀರು ಕೊಳಕು ಮಾಡಿದವರು ಯಾರೋ ಅವರೇ ತೊಳೆಯುವ ಖರ್ಚು ಹೊರಬೇಕು. ಬೆಂಗಳೂರಿನ ನೀರಿನ ಬಿಲ್‌ನಲ್ಲಿ ಒಳಚರಂಡಿ ಶುಲ್ಕ ಅಂತ ಈಗಲೂ ವಸೂಲಿ ಇದೆ. 2014ರ ಬಳಿಕ 2025ರ ಏಪ್ರಿಲ್‌ವರೆಗೆ ಅಲ್ಲಿ ನೀರಿನ ದರವನ್ನೇ ಏರಿಸಿರಲಿಲ್ಲ. ಹನ್ನೊಂದು ವರ್ಷ ದರ ಮುಟ್ಟದೆ ಕೂತು, ಈಗ ದುಡ್ಡಿಲ್ಲ ಅಂದರೆ ಯಾರ ತಪ್ಪು? ಬಡವರ ಸಣ್ಣ ಬಿಲ್ ಮುಟ್ಟುವುದು ಬೇಡ. ದೊಡ್ಡ ಅಪಾರ್ಟ್‌ಮೆಂಟ್, ಮಾಲ್, ಟೆಕ್ ಪಾರ್ಕುಗಳ ಶುಲ್ಕದ ಒಂದು ಪಾಲನ್ನು ಬೇರೆ ಖಾತೆಯಲ್ಲಿಟ್ಟು ಬಾಂಡ್ ತೀರಿಸಲಿ.

ಗಾಜಿಯಾಬಾದ್ ಘಟಕ ದಿನಕ್ಕೆ 40 ದಶಲಕ್ಷ ಲೀಟರಿನದು, ನಮ್ಮದು ಅದರ ಹನ್ನೊಂದು ಪಟ್ಟು ಅನ್ನಬಹುದು. ನಿಜ, ಖರ್ಚು ದೊಡ್ಡದು. ಒಂದೇ ವರ್ಷದಲ್ಲಿ ಆಗಲಿ ಅಂತ ಯಾರೂ ಕೇಳುತ್ತಿಲ್ಲ. ಕಂತು ಕಂತಾಗಿ ಆಗಲಿ, ಆದರೆ ಶುರುವಾಗಲಿ. ನೀರು ತರುವ ಪೈಪಿಗೆ, ಪಂಪಿಗೆ ರಾಜ್ಯದ ಬೊಕ್ಕಸದಿಂದ 1,200 ಕೋಟಿಗೂ ಹೆಚ್ಚು ಹೋಗಿದೆ. ಅದರಲ್ಲಿ ನಾವು ಬೆಂಕಿಪೊಟ್ಟಣಕ್ಕೆ ಕಟ್ಟಿದ ತೆರಿಗೆಯೂ ಇದೆ.

ಕೆರೆಗೆ ಬಿದ್ದದ್ದು ಕೆರೆಯಲ್ಲೇ ನಿಲ್ಲುವುದಿಲ್ಲ. ಇಂಗಿ ಬೋರ್‌ವೆಲ್‌ಗೆ, ಬೋರ್‌ವೆಲ್‌ನಿಂದ ಟೊಮೆಟೊಗೆ, ಹಸುವಿನ ಬಾನಿಗೆ, ನಮ್ಮ ಮನೆ ಬಿಂದಿಗೆಗೆ ಬರುತ್ತದೆ. ಆ ಟೊಮೆಟೊ, ಆ ಹಾಲು ಬೆಳಗಾದರೆ ಬೆಂಗಳೂರಿಗೇ ವಾಪಸ್ ಹೋಗುತ್ತದೆ ಅನ್ನುವುದನ್ನು ಅಲ್ಲಿನವರೂ ನೆನಪಿಡಲಿ.

ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ಎರಡು ಮಾತು ಠರಾವು ಬರೆಸಿ. ಒಂದು, ನಮ್ಮ ಕೆರೆ ನೀರಿನ ಪರೀಕ್ಷಾ ವರದಿ ಪ್ರತಿ ತಿಂಗಳು ಪಂಚಾಯಿತಿ ಗೋಡೆ ಮೇಲೆ ಕನ್ನಡದಲ್ಲಿ ಅಂಟಬೇಕು. ಎರಡು, ಮೂರನೇ ಹಂತಕ್ಕೆ ದುಡ್ಡು ಎಲ್ಲಿಂದ, ಯಾವ ವರ್ಷದೊಳಗೆ ಅಂತ ಸರ್ಕಾರ ಬರವಣಿಗೆಯಲ್ಲಿ ತಿಳಿಸಬೇಕು. ಪಿಡಿಒ ಸಹಿ ಹಾಕಿದ ನಕಲು ಕೈಗೆ ಬರುವ ತನಕ ಎದ್ದು ಬರಬೇಡಿ.