ತಕ್ಕಡಿಯೂ ಬರಲಿ

ರಸೆಲ್ ಮಾರುಕಟ್ಟೆಯಲ್ಲಿ ನಮ್ಮಪ್ಪನದು ತರಕಾರಿ ಅಂಗಡಿ. ಬಿ.ಕಾಂ. ಮುಗಿಸಿ ವರ್ಷವಾದರೂ ಕೆಲಸ ಸಿಗದೆ ಅಲ್ಲೇ ಕೂತು ಬೀನ್ಸ್ ತೂಗುತ್ತಿದ್ದೇನೆ. ಫೋಟೊ ತೆಗೆಯುವ ಹುಚ್ಚು ಮೊದಲಿನಿಂದಲೂ ಇದೆ. ನಾಲ್ಕು ಒಳ್ಳೆಯ ಚಿತ್ರಗಳಿದ್ದರೆ ಯಾವುದಾದರೂ ಸ್ಟುಡಿಯೊದಲ್ಲಿ ಸಹಾಯಕನ ಕೆಲಸ ಕೇಳಬಹುದೆಂದು, ಗೆಳೆಯನ ಕ್ಯಾಮೆರಾ ಎರವಲು ಪಡೆದು ಕಳೆದ ಡಿಸೆಂಬರ್‌ನಲ್ಲಿ ಹಂಪಿಗೆ ಹೋದೆ.

ವಿಠ್ಠಲ ದೇವಸ್ಥಾನದ ಕಲ್ಲಿನ ರಥದೆದುರು ಜನವೋ ಜನ. ಯಾರೂ ಅಡ್ಡ ಬರದ ಒಂದೇ ಒಂದು ಚಿತ್ರಕ್ಕಾಗಿ ಮುಕ್ಕಾಲು ಗಂಟೆ ಕಾದೆ. ಕೊನೆಗೆ ಸಿಕ್ಕಿದ್ದು ಐವತ್ತು ರೂಪಾಯಿ ನೋಟಿನ ಹಿಂದಿರುವ ಚಿತ್ರವೇ!

ನನ್ನ ಪಾಡು ನೋಡುತ್ತಿದ್ದ ಗೈಡ್ ಒಬ್ಬರು ಮೊಬೈಲಿನಲ್ಲಿ ಹಳೆಯ ಚಿತ್ರವೊಂದನ್ನು ತೋರಿಸಿದರು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಕಾಗದದ ನೆಗೆಟಿವ್ ಬಳಸಿ ತೆಗೆದದ್ದು. ಅದರಲ್ಲಿ ಇದೇ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ. ಈಗ ಅದಿಲ್ಲ. ಅಂದ ಕೆಡುತ್ತದೆಂದು ಅವನು ಶಿಖರ ಬಿಟ್ಟು ಚಿತ್ರ ತೆಗೆದಿದ್ದರೆ, ಅದು ಹೇಗಿತ್ತೆಂದು ನಾನು ಕಣ್ಣಾರೆ ನೋಡುವುದು ಎಲ್ಲಿತ್ತು?

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ ಅನ್ನಿ. ಸಂಜೆ ಕೃಷ್ಣ ದೇವಸ್ಥಾನಕ್ಕೆ ಹೋದೆ. ಉದಯಗಿರಿ ಗೆದ್ದ ನೆನಪಿಗೆ ಕೃಷ್ಣದೇವರಾಯ ಕಟ್ಟಿಸಿದ್ದು. ರಸ್ತೆ ದಾಟಿ ಕೆಳಗಿಳಿದರೆ ಅದರ ಬಜಾರು: ಎರಡೂ ಬದಿಗೆ ಉದ್ದಕ್ಕೂ ಕಲ್ಲುಕಂಬಗಳ ಸಾಲು. ಮಾರುಕಟ್ಟೆಯಲ್ಲಿ ಬೆಳೆದವನಲ್ಲವೇ, ಎರಡು ಕಂಬಗಳ ನಡುವೆ ನಿಂತು ನಮ್ಮ ಅಂಗಡಿ ಇಷ್ಟರಲ್ಲಿ ಹಿಡಿಸೀತೇ ಎಂದು ಹೆಜ್ಜೆ ಹಾಕಿ ಅಳೆದೆ. ಹಿಡಿಸುತ್ತದೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಈ ನಗರದ ಬೀದಿಗಳಲ್ಲಿ ವಜ್ರ, ಮುತ್ತು, ಬಟ್ಟೆಗಳ ವ್ಯಾಪಾರ ಕಂಡು ಬರೆದಿಟ್ಟಿದ್ದಾನೆ. ಇಂಥ ಕಡೆಯೂ ನಾನು ಮಾಡಿದ್ದೇನು? ಕಂಬಕ್ಕೊರಗಿ ಬುತ್ತಿ ಬಿಚ್ಚಿದ್ದ, ಕಳೆ ಕೀಳುವ ಹೆಂಗಸು ಎದ್ದು ಹೋಗಲೆಂದು ಕಾದು ಕೂತೆ.

ಮನೆಗೆ ಬಂದು ಅಪ್ಪನಿಗೆ ಚಿತ್ರಗಳನ್ನು ತೋರಿಸಿದೆ. ಬಜಾರಿನ ಚಿತ್ರದ ಮೇಲೆ ಅವರ ಕಣ್ಣು ನಿಂತಿತು. ‘ಒಂದು ನರಪಿಳ್ಳೆನೂ ಇಲ್ವಲ್ಲೋ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ನಮ್ಮ ಹಳೇ ಅಂಗಡಿದು ಫೋಟೊ ಐತಾ?’ ಎಂದು ಕೇಳಿದರು. 1927ರಲ್ಲಿ ಕಟ್ಟಿದ ನಮ್ಮ ಮಾರುಕಟ್ಟೆಗೆ 2012ರ ಫೆಬ್ರುವರಿಯಲ್ಲಿ ಬೆಂಕಿ ಬಿತ್ತು. ಸುಟ್ಟ ಹಲವು ಅಂಗಡಿಗಳಲ್ಲಿ ನಮ್ಮದೂ ಒಂದು. ಆಲ್ಬಮ್‌ಗಳನ್ನೆಲ್ಲ ಇಳಿಸಿ ಹುಡುಕಿದೆವು. ಮದುವೆ, ನಾಮಕರಣ, ತಿರುಪತಿ ಎಲ್ಲ ಇವೆ. ತಾತನ ಕಾಲದಿಂದ ನಮಗೆ ಅನ್ನ ಹಾಕಿದ ಅಂಗಡಿಯದು ಒಂದೂ ಇಲ್ಲ.

ಪಾಳುಗುಡಿಗೆ ಹೋದಾಗ ನಮ್ಮ ವಯಸ್ಸಿನವರು ತೆಗೆಯುವುದು ಎರಡೇ ಬಗೆ. ಒಂದೋ ನಮ್ಮದೇ ಮುಖ, ಇಲ್ಲವೇ ಜನರನ್ನೆಲ್ಲ ಹೊರಗಟ್ಟಿದ ಪೋಸ್ಟ್‌ಕಾರ್ಡ್. ಮುರಿದ ತೊಲೆ, ಸಿಮೆಂಟಿನ ತೇಪೆ, ತಂತಿಬೇಲಿ, ಬುತ್ತಿ ಬಿಚ್ಚಿದ ಹೆಂಗಸು ಎಲ್ಲವೂ ಇರುವ ಚಿತ್ರ ಲೈಕ್ ತರುವುದಿಲ್ಲ, ನಿಜ. ಆದರೂ ಹತ್ತು ತೆಗೆಯುವಲ್ಲಿ ಎರಡಾದರೂ ಹಾಗೆ ತೆಗೆದು, ದಿನಾಂಕ, ಜಾಗ ಬರೆದಿಡೋಣ. ಗ್ರೀನ್‌ಲಾನ ಕಷ್ಟಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ಸ್ಟುಡಿಯೊಗಳಿಗೆ ನಾನಿನ್ನೂ ಹೋಗಿಲ್ಲ. ಕ್ಯಾಮೆರಾ ವಾಪಸ್ ಕೊಡುವ ಮುನ್ನ, ಬೆಳಗಿನ ಐದಕ್ಕೆ ಅಪ್ಪನ ಜೊತೆ ಮಾರುಕಟ್ಟೆಗೆ ಹೋದೆ. ಲೆನ್ಸ್ ತಿರುಗಿಸಿದ ಕೂಡಲೇ ಅವರು ಬೇರೆ ಶರ್ಟು ಹಾಕ್ಕೋತೀನಿ ಎಂದರು. ಬೇಡ ಅಂದೆ. ‘ಹಂಗಾದ್ರೆ ತಕ್ಕಡಿನೂ ಬರ್ಲಿ’ ಎಂದು ಸ್ವಲ್ಪ ಪಕ್ಕಕ್ಕೆ ಸರಿದು ನಿಂತರು.