ಹೋಂಸ್ಟೇ ಮುಚ್ಚಬೇಡಿ, ಮನೆಯವರ ಕೈಯಲ್ಲೇ ಉಳಿಸಿ

ಮೊನ್ನೆ ಆನೆಗೊಂದಿಗೆ ಹೋದಾಗ ಎರಡು ಕೋಣೆ ಬಾಡಿಗೆಗೆ ಕೊಡುವ ಅಕ್ಕ ಒಬ್ಬರನ್ನು ಮಾತಾಡಿಸಿದೆ. "ಈಗ ಫೋನ್ ಮಾಡಿದೋರೆಲ್ಲಾ ಮೊದಲು ಊಟ ಏನೈತಿ ಅಂತ ಕೇಳಂಗಿಲ್ಲ ತಮ್ಮಾ. ಅಲ್ಲಿ ಅಂಜಿಕಿ ಇಲ್ಲಲ್ಲ ಅಂತ ಕೇಳ್ತಾರ" ಅಂದರು.

ಯಾಕೆ ಕೇಳುತ್ತಾರೆ ಎಂಬುದು ನಮಗೆಲ್ಲ ಗೊತ್ತು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ದಂಡೆಯಲ್ಲಿ ರಾತ್ರಿ ನಡೆದ ಅತ್ಯಾಚಾರ ಮತ್ತು ಕೊಲೆ ನಮ್ಮ ಜಿಲ್ಲೆಯ ಹೆಸರನ್ನು ದೇಶದಾಚೆಗೂ ಕೆಡಿಸಿತು. ಆ ರಾತ್ರಿ ಅತಿಥಿಗಳ ಜೊತೆ ಹೋಂಸ್ಟೇ ನಡೆಸುವ ಮಹಿಳೆಯೇ ಇದ್ದರು. ದೌರ್ಜನ್ಯ ಅವರ ಮೇಲೂ ನಡೆಯಿತು. ತಪ್ಪು ಅವರದ್ದೂ ಅಲ್ಲ, ಅತಿಥಿಗಳದ್ದೂ ಅಲ್ಲ.

ಆದರೆ ಇಂಥದ್ದು ನಡೆದಾಗಲೆಲ್ಲ ಕಟ್ಟೆಯ ಮೇಲೆ ಒಂದು ಮಾತು ಎದ್ದೇ ಏಳುತ್ತದೆ: "ಈ ಹೋಂಸ್ಟೇ ಸಹವಾಸವೇ ಬ್ಯಾಡ, ಎಲ್ಲಾ ಬಂದ್ ಮಾಡಸ್ರಿ." ನಾನು ಇದನ್ನು ಒಪ್ಪುವುದಿಲ್ಲ. ಎಲ್ಲವನ್ನೂ ಮುಚ್ಚಿಸಿದರೆ ಶಿಕ್ಷೆ ಆಗುವುದು ದುಷ್ಟರಿಗಲ್ಲ, ಎರಡು ಕೋಣೆ ಇಟ್ಟುಕೊಂಡು ಮಕ್ಕಳ ಫೀ ಕಟ್ಟುವ ಹೆಣ್ಣುಮಕ್ಕಳಿಗೆ.

ಮುಚ್ಚಿದ ಅನುಭವವೂ ನಮಗಿದೆ. ವಿರೂಪಾಪುರ ಗಡ್ಡಿಯಲ್ಲಿ ಸಾಲುಸಾಲು ಗೆಸ್ಟ್‌ಹೌಸ್‌ಗಳಿದ್ದವು. ಹಂಪಿ ಪರಂಪರೆ ಪ್ರದೇಶದಲ್ಲಿ ಅವು ಅಕ್ರಮ ಎಂದು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ಕಾನೂನು ಮೀರಿ ಕಟ್ಟಿದ್ದಕ್ಕೆ ನಾನು ವಕಾಲತ್ತು ಮಾಡುವುದಿಲ್ಲ. ಆದರೆ ಪ್ರವಾಸಿಗರು ಬರುವುದು ನಿಲ್ಲಲಿಲ್ಲ, ಪಕ್ಕದ ಊರುಗಳ ಗದ್ದೆ ಬದುವಿಗೆ ಬಂದರು ಅಷ್ಟೆ. ಅಂದಮೇಲೆ ಬರಬೇಕೋ ಬೇಡವೋ ಎಂಬ ಪ್ರಶ್ನೆ ಮುಗಿದ ಕಥೆ. ಬಂದವರು ಯಾರ ಮನೆಯಲ್ಲಿ ಇರಬೇಕು, ಹೇಗೆ ಇರಬೇಕು ಎಂಬುದೇ ಈಗ ಉಳಿದಿರುವ ಪ್ರಶ್ನೆ.

ನಮ್ಮಲ್ಲಿ ಹೋಂಸ್ಟೇ ಎಂಬ ಬೋರ್ಡಿನ ಕೆಳಗೆ ಎರಡು ಥರ ನಡೆಯುತ್ತಿದೆ. ಒಂದು, ಮನೆಯವರು ಅಲ್ಲೇ ಇದ್ದು, ತಾವು ಉಣ್ಣುವುದನ್ನೇ ಬಡಿಸುವ ಮನೆ. ಇನ್ನೊಂದು, ಊರಿನವರಿಂದ ಹೊಲ ಲೀಸಿಗೆ ಹಿಡಿದು, ಗುಡಿಸಲು ಸಾಲು ಹಾಕಿ, ಸ್ಪೀಕರ್ ಕಟ್ಟಿ ನಡೆಸುವ ವ್ಯಾಪಾರ. ಅದರ ಮಾಲೀಕ ಇರುವುದು ಬೇರೆ ಊರಲ್ಲಿ. ನಮ್ಮ ಹುಡುಗರು ಅಲ್ಲಿ ಪಾತ್ರೆ ತೊಳೆಯುತ್ತಾರೆ. ಗಲಾಟೆಯಾದರೆ ಮಾತ್ರ ಕೆಟ್ಟ ಹೆಸರು ಊರಿಗೆ.

ಎರಡನೆಯದು ಹೋಂಸ್ಟೇ ಅಲ್ಲವೇ ಅಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯಲ್ಲೇ ಒಂದರಿಂದ ಆರು ಕೋಣೆ ಎಂದಿದೆ. ಮಾಲೀಕರ ಕುಟುಂಬ ಅಲ್ಲೇ ವಾಸ ಇರಬೇಕು ಎಂದೂ ಇದೆ. ಅಧಿಕಾರಿಗಳು ಬೋರ್ಡ್ ನೋಡಿ ಎಲ್ಲರಿಗೂ ಒಂದೇ ನೋಟಿಸ್ ಅಂಟಿಸುವುದು ಬೇಡ. ಒಳಗೆ ಹೋಗಿ ಒಲೆ ಯಾರದ್ದು ಎಂದು ಕೇಳಲಿ. ಸಣ್ಣವರಿಗೆ ನೋಂದಣಿಯ ದಾರಿ ಸಲೀಸು ಮಾಡಿಕೊಡಲಿ. ಕಾಲುವೆ ರಸ್ತೆಗೆ ದೀಪ ಹಾಕಲಿ, ರಾತ್ರಿ ಪೊಲೀಸ್ ಗಸ್ತು ದಿನಾ ಇರಲಿ. ಇದನ್ನು ಮಾಡದೆ ಬಾಗಿಲು ಹಾಕಿಸುವುದು ಸುಲಭದ ಕೆಲಸ.

"ನಮ್ಮೂರಾಗ ತೋರಸಾಕ ಏನೈತಿ?" ಎನ್ನುವವರಿಗೆ ಒಂದು ಮಾತು. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿದು ಹೋಗುವವರು ಊರಿನಲ್ಲಿ ಬಿಡುವುದು ಬಾಟಲಿ ಮಾತ್ರ. ಎರಡು ದಿನ ಉಳಿಯುವವರು ದುಡ್ಡು ಬಿಡುತ್ತಾರೆ. ಅವರಿಗೆ ಪಂಪಾ ಸರೋವರ ಇದೆ, ಗಗನ ಮಹಲ್ ಇದೆ, ನಡುಗಡ್ಡೆಯಲ್ಲಿ ನವವೃಂದಾವನ ಇದೆ. ಒನಕೆ ಕಿಂಡಿಯ ಬಂಡೆಯ ಮೇಲೆ ಆದಿಮಾನವರು ಬರೆದ ಚಿತ್ರಗಳಿವೆ. ಗಂಗಾವತಿ ಆಚೆ ಹಿರೇಬೆಣಕಲ್ ಗುಡ್ಡದಲ್ಲಿ ಕಲ್ಲುಚಪ್ಪಡಿಯಿಂದ ಕಟ್ಟಿದ ನೂರಾರು ಶಿಲಾಸಮಾಧಿಗಳಿವೆ. ಆ ಜಾಗ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದೆ. ದಾರಿ ಬಲ್ಲ ಊರಿನ ಹುಡುಗನೊಬ್ಬ ಜೊತೆಗಿದ್ದರೆ ಅದು ಅವನಿಗೊಂದು ದಿನದ ದುಡಿಮೆ.

ಇನ್ನು ದುಡ್ಡು ಖರ್ಚಿಲ್ಲದ್ದು. ನಾಟಿ ಹೊತ್ತಿನಲ್ಲಿ ಗದ್ದೆಗೆ ಕರೆದೊಯ್ಯಿರಿ. ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂರಿಸಿ. ಬಾಳೆನಾರಿನ ಚೀಲ ಹೆಣೆಯುವ ಹೆಣ್ಣುಮಕ್ಕಳು ಆನೆಗೊಂದಿಯಲ್ಲೇ ಇದ್ದಾರೆ, ಅವರ ಹತ್ತಿರ ಒಂದು ತಾಸು ಬಿಡಿ. ಬೆಳಿಗ್ಗೆ ಒಗ್ಗರಣಿ, ಮಿರ್ಚಿ ಕೊಡಿ. ಪಾಸ್ತಾ ಮಾಡಲು ಹೋಗಬೇಡಿ, ಅದು ಅವರ ಊರಲ್ಲೇ ಸಿಗುತ್ತದೆ.

ಆದರೆ ಮನೆಯವರ ಜವಾಬ್ದಾರಿಯೂ ಅಷ್ಟೇ ದೊಡ್ಡದು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ. ಗುರುತಿನ ಚೀಟಿ ನೋಡದೆ ಕೋಣೆ ಕೊಡಬೇಡಿ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಲೇಬೇಕು.

ಹೊಳೆ ವಿಷಯದಲ್ಲಂತೂ ದಾಕ್ಷಿಣ್ಯ ಬೇಡ. 2025ರ ಫೆಬ್ರವರಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವ ವೈದ್ಯೆಯೊಬ್ಬರು ಸಾಣಾಪುರದ ಬಂಡೆ ಮೇಲಿಂದ ನೀರಿಗೆ ಹಾರಿ ಕೊಚ್ಚಿಹೋದರು. ತುಂಗಭದ್ರೆ ಮೇಲೆ ನೋಡಲು ಶಾಂತ, ಬಂಡೆಗಳ ನಡುವೆ ಸೆಳೆತ ಜೋರು. ಇದು ನಮಗೆ ಗೊತ್ತು, ಬಂದವರಿಗೆ ಗೊತ್ತಿಲ್ಲ. ಲೈಫ್ ಜಾಕೆಟ್ ಇಲ್ಲದೆ ಹರಿಗೋಲು ಹತ್ತಿಸಬೇಡಿ. ಡ್ಯಾಮಿನಿಂದ ನೀರು ಬಿಟ್ಟ ದಿನ ಹರಿಗೋಲೇ ಬೇಡ. ಅತಿಥಿಗೆ ಬೇಜಾರಾದರೆ ಆಗಲಿ.

ಇಷ್ಟೆಲ್ಲ ತಾಪತ್ರಯ ಯಾಕೆ ಎನ್ನಬಹುದು. 2024ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಎಡದಂಡೆಯ ರೈತರೆಲ್ಲ ಬೆಳೆಗೆ ನೀರು ಉಳಿಯುತ್ತದೋ ಇಲ್ಲವೋ ಎಂದು ಎದೆ ಹಿಡಿದುಕೊಂಡಿದ್ದರು. ಭತ್ತ ಒಂದನ್ನೇ ನಂಬಿದ ಮನೆಗೆ ಎರಡು ಕೋಣೆಯ ಬಾಡಿಗೆ ಸಣ್ಣ ಆಸರೆ ಅಲ್ಲ.

ಲೀಸಿಗೆ ಕೇಳಿಕೊಂಡು ಯಾರಾದರೂ ನಿಮ್ಮ ಮನೆಗೆ ಬಂದರೆ ಒಂದು ರಾತ್ರಿ ಯೋಚನೆ ಮಾಡಿ. ಕೈಗೆ ಒಮ್ಮೆಲೆ ಬರುವ ದುಡ್ಡು ದೊಡ್ಡದಾಗಿ ಕಾಣುತ್ತದೆ. ಆದರೆ ಸಹಿ ಹಾಕಿದ ಮರುದಿನದಿಂದ ಅಲ್ಲಿ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಹೋಗುತ್ತಾರೆ ಎಂದು ಕೇಳುವ ಹಕ್ಕು ನಿಮಗಿರುವುದಿಲ್ಲ.

ಆ ಅಕ್ಕ ಫೋನ್ ಮಾಡಿದವರಿಗೆ ಏನು ಹೇಳುತ್ತಾರೆ ಎಂದು ಕೇಳಿದೆ. "ನಾನು ಮನ್ಯಾಗ ಇರ್ತೀನಿ, ಬರ್ರಿ ಅಂತೀನಿ" ಅಂದರು.